ಬೇಳೆ ಬಿಟ್ಟಿರಿ ಸರಿ, ಬಿಪಿ ಮಾತ್ರೆಯ ಸ್ಟ್ರಿಪ್ ನೋಡಿದಿರಾ?

ನಮಸ್ಕಾರ. ಇವತ್ತು ನಮ್ಮ ಸೋದರಮಾವನ ಕಾಲಿನ ಹೆಬ್ಬೆರಳಿನ ವಿಷಯ ಹೇಳಬೇಕು.

ರಾತ್ರಿ ಮೂರು ಗಂಟೆ. ಚೆನ್ನಾಗಿ ಮಲಗಿದ್ದವರು ಎದ್ದು ಕೂತು ಲೈಟ್ ಹಾಕಿಸಿದರು. "ಏನೋ ಕಚ್ಚಿದೆ, ನೋಡೋ" ಅಂದರು. ಹಾಸಿಗೆಯಲ್ಲಿ ಏನೂ ಇರಲಿಲ್ಲ. ಬೆರಳಿನ ಬುಡ ಊದಿ ಕೆಂಪಗೆ ಹೊಳೆಯುತ್ತಿತ್ತು. ಹೊದಿಕೆಯ ಅಂಚು ತಾಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಮಾರನೆಯ ದಿನ ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ 9.1. ಗೌಟ್, ಅಂದರೆ ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಸಿಡ್ ಅನ್ನೋ ಕಸ ಕೀಲಿನಲ್ಲಿ ಹರಳುಗಟ್ಟಿ ಬರುವ ಊತ, ನೋವು.

ಯೂರಿಕ್ ಆಸಿಡ್ ಏರಿಸುತ್ತವೆ ಅಂತ ಅಲ್ಲಿಂದ ಮನೆಯಲ್ಲಿ ತೊಗರಿಬೇಳೆ ಬಂದ್. ಟೊಮೇಟೊ ಬಂದ್. ಪಾಲಕ್, ಅವರೆಕಾಳು ಬಂದ್. ಅತ್ತೆ ಎರಡು ತಿಂಗಳು ಸೋರೆಕಾಯಿ ಪಲ್ಯ, ಮಜ್ಜಿಗೆಯಲ್ಲೇ ಊಟ ಮುಗಿಸಿದರು. ಮತ್ತೆ ಅದೇ ಬೆರಳು, ಅದೇ ನೋವು. ದಿನಾ ಬೆಳಗ್ಗೆ ತಿಂಡಿಯಾದ ಮೇಲೆ ಮಾವ ನುಂಗುತ್ತಿದ್ದ ಬಿಪಿ ಮಾತ್ರೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ. ಅದಕ್ಕೇ ಈ ಮಾತು.

ಒಂದು ದಿನ ಸ್ಟ್ರಿಪ್ ತಿರುಗಿಸಿ ಓದಿದೆ. ಮಾತ್ರೆಯ ಹೆಸರಿನ ಕೊನೆಗೆ ಒಂದು 'ಎಚ್' ಅಕ್ಷರ. ಹಿಂದೆ ಸಣ್ಣ ಅಕ್ಷರದಲ್ಲಿ ಹೈಡ್ರೋಕ್ಲೋರೋಥಯಾಜೈಡ್, 12.5 ಮಿಲಿಗ್ರಾಂ. ಇದೇ ನೀರಿನ ಮಾತ್ರೆ, ಮೂತ್ರ ಜಾಸ್ತಿ ಮಾಡಿ ಬಿಪಿ ಇಳಿಸುವಂಥದ್ದು. ಕೆಲವು ಮಾತ್ರೆಗಳಲ್ಲಿ ಇದರ ಬದಲು ಕ್ಲೋರ್ಥಾಲಿಡೋನ್ ಇರುತ್ತದೆ. ಹೃದಯ ಸೋತವರಿಗೆ (ಹಾರ್ಟ್ ಫೇಲ್ಯೂರ್ ಆದವರಿಗೆ) ಕೊಡುವ ಫ್ಯುರೋಸಮೈಡ್ ಕೂಡ ನೀರಿನ ಮಾತ್ರೆಯೇ.

ಮೂತ್ರ ಜಾಸ್ತಿ ಹೋದರೆ ಯೂರಿಕ್ ಆಸಿಡ್ಡೂ ಹೋಗಬೇಕಲ್ವಾ ಅಂತ ನೀವು ಕೇಳಬಹುದು. ನನಗೂ ಹಾಗೇ ಅನಿಸಿತ್ತು. ಆಗುವುದು ಉಲ್ಟಾ. ಉಪ್ಪು, ನೀರು ಹೊರಗೆ ಹೋದಾಗ ದೇಹಕ್ಕೆ ನೀರು ಕಮ್ಮಿಯಾಯಿತು ಅಂತ ಗೊತ್ತಾಗುತ್ತದೆ. ಕಿಡ್ನಿ ಉಳಿದ ಉಪ್ಪು, ನೀರನ್ನು ಗಟ್ಟಿಯಾಗಿ ವಾಪಸ್ ಎಳೆದುಕೊಳ್ಳುತ್ತದೆ. ಅದರ ಜೊತೆಗೇ ಯೂರಿಕ್ ಆಸಿಡ್ಡೂ ರಕ್ತಕ್ಕೆ ವಾಪಸ್ ಬರುತ್ತದೆ. ಇನ್ನೊಂದು ತೊಂದರೆಯೂ ಇದೆ. ಕಿಡ್ನಿಯಲ್ಲಿ ಯೂರಿಕ್ ಆಸಿಡ್ ಮೂತ್ರಕ್ಕೆ ದಾಟುವ ಬಾಗಿಲಿನಲ್ಲೇ ಈ ಮಾತ್ರೆಯೂ ದಾಟಬೇಕು. ನೂಕುನುಗ್ಗಲು. ಯೂರಿಕ್ ಆಸಿಡ್ ಹಿಂದೆ ಉಳಿಯುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಸೂಜಿಯಂಥ ಹರಳು ಕಟ್ಟಬಹುದು. ಮೈಯಿಂದ ದೂರ ಇರುವ, ತಣ್ಣಗಿರುವ ಹೆಬ್ಬೆರಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಡೋಸ್ ಹೆಚ್ಚಿದಷ್ಟೂ ಈ ಪರಿಣಾಮ ಹೆಚ್ಚು.

ಈ ಮಾತ್ರೆ ತಿನ್ನುವವರಿಗೆಲ್ಲ ಗೌಟ್ ಬರುವುದಿಲ್ಲ. ಮಾಂಸ, ಮೀನು, ಬಿಯರ್ ಜಾಸ್ತಿಯಾದರೂ ಅಪಾಯ ಏರುತ್ತದೆ, ಅದೂ ನಿಜ. ಆದರೆ ಪಾಪದ ಬೇಳೆಯ ಮೇಲೆ ಇಷ್ಟು ಸಿಟ್ಟು ಯಾಕೆ? ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಬಟಾಣಿ, ಬೀನ್ಸ್, ಪಾಲಕ್ ತಿಂದವರಿಗೆ ಗೌಟ್ ಹೆಚ್ಚಾಗಿದ್ದು ಅದರಲ್ಲಿ ಕಾಣಲಿಲ್ಲ.

ಈಗ ಇದನ್ನು ಕೇಳಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಕೈ ಮುಗಿದು ಹೇಳುತ್ತೇನೆ. ಬಿಪಿ ಏರಿ ಸ್ಟ್ರೋಕ್ ಆದರೆ ಹೆಬ್ಬೆರಳಿನ ನೋವು ಏನೂ ಅಲ್ಲ. ಹೃದಯ ಸೋತವರು ನೀರಿನ ಮಾತ್ರೆ ಬಿಟ್ಟರೆ ಶ್ವಾಸಕೋಶಕ್ಕೆ ನೀರು ತುಂಬಬಹುದು. ಅಂಥವರಿಗೆ ಮಾತ್ರೆ ಮುಂದುವರಿಸಿ, ಜೊತೆಗೆ ಅಲೋಪ್ಯುರಿನಾಲ್ ಕೊಟ್ಟು ಯೂರಿಕ್ ಆಸಿಡ್ ಅನ್ನು 6ಕ್ಕಿಂತ ಕೆಳಗೆ ಇಳಿಸುವ ದಾರಿ ಇದೆ. ಬರೀ ಬಿಪಿಗೆ ಅಂತ ತಿನ್ನುವವರಿಗೆ ಬದಲಿ ಮಾತ್ರೆಗಳಿವೆ. ಅವುಗಳಲ್ಲಿ ಒಂದಾದ ಲೋಸಾರ್ಟಾನ್ ಯೂರಿಕ್ ಆಸಿಡ್ಡನ್ನು ಸ್ವಲ್ಪ ಮೂತ್ರಕ್ಕೆ ತಳ್ಳುತ್ತದೆ. ಗೌಟ್ ಇದ್ದವರಿಗೆ ಸಾಧ್ಯವಾದರೆ ಹೈಡ್ರೋಕ್ಲೋರೋಥಯಾಜೈಡ್ ಬದಲಿಸಿ, ಲೋಸಾರ್ಟಾನ್ ನೋಡಿ ಅಂತ ಅಲ್ಲಿನ ಕೀಲುರೋಗ ತಜ್ಞರ ಸಂಘ ಅಮೆರಿಕನ್ ಕಾಲೇಜ್ ಆಫ್ ರ್ಯುಮಟಾಲಜಿ 2020ರಲ್ಲೇ ಸಲಹೆ ಕೊಟ್ಟಿದೆ.

ಗೌಟ್ ಅಂತ ಗೊತ್ತಾದ ದಿನವೇ "ಬೇರೆ ಏನು ಮಾತ್ರೆ ತಗೋತಿದ್ದೀರಿ?" ಅಂತ ಡಾಕ್ಟರು ಕೇಳಲೇಬೇಕು. ಕೇಳದಿದ್ದರೆ ನೀವೇ ಸ್ಟ್ರಿಪ್ ಟೇಬಲ್ ಮೇಲಿಟ್ಟು ಕೇಳಿ: "ಡಾಕ್ಟ್ರೇ, ಇದರಲ್ಲಿ ನೀರಿನ ಮಾತ್ರೆ ಇದೆಯಾ? ನನಗೆ ಗೌಟ್ ಇದೆ, ಬೇರೆ ಕೊಡಬಹುದಾ?"

ಮಾವ ಹಾಗೇ ಕೇಳಿದರು. ಮಾತ್ರೆ ಬದಲಾಯಿತು. ಮೂರು ತಿಂಗಳಿಗೆ ಯೂರಿಕ್ ಆಸಿಡ್ 7.2. ಇನ್ನೂ ಇಳಿಯಬೇಕು ಅಂತ ಡಾಕ್ಟರು ಅಲೋಪ್ಯುರಿನಾಲ್ ಶುರು ಮಾಡಿದ್ದಾರೆ. ಮೊನ್ನೆ ಫೋನ್ ಮಾಡಿದಾಗ ಅತ್ತೆ ತೊಗರಿಬೇಳೆಗೆ ಕುಕ್ಕರ್ ಇಟ್ಟಿದ್ದರು, ಸೀಟಿ ಕೇಳಿಸುತ್ತಿತ್ತು.