ಹುಬ್ಬಿನಲ್ಲೂ ವ್ಯಾಕರಣ ಇದೆ

ಕೇಳುಗರೇ, ನಮಸ್ಕಾರ. ನಿಮ್ಮ ಒಂದು ಕೈ ಬಿಡುವಾಗಿದ್ದರೆ ಹಾಗೇ ಇಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಕಿವಿ ಕೇಳದ ಪುಟ್ಟ ಮಕ್ಕಳಿಗೆ ಸನ್ನೆ ಭಾಷೆ ಕಲಿಸುವುದು ನನ್ನ ಕೆಲಸ. ಈ ಮಕ್ಕಳಲ್ಲಿ ಹೆಚ್ಚಿನವರ ಅಪ್ಪ ಅಮ್ಮನಿಗೆ ಕಿವಿ ಕೇಳುತ್ತದೆ. ಅವರು ಮೊದಲು ಕೇಳುವುದು, ಹಾಲಿಗೆ ಏನು ಸನ್ನೆ, ನೀರಿಗೆ ಏನು ಸನ್ನೆ ಅಂತ. ಪದಗಳು ಬೇಕು, ನಿಜ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 2021ರಲ್ಲೇ 10,000 ಪದಗಳಾಗಿದ್ದವು. ಆದರೆ ಬರೀ ಪದ ಪೇರಿಸಿದರೆ ಮಾತಾಗುವುದಿಲ್ಲ, ಅಲ್ವಾ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇಂಗ್ಲಿಷ್ ಸಾಲಿನ ಒಂದೊಂದು ಪದಕ್ಕೂ ಒಂದೊಂದು ಸನ್ನೆ ಮಾಡುತ್ತಿದ್ದೆ, ಮಕ್ಕಳು ಸುಮ್ನೆ ನನ್ನ ಮುಖ ನೋಡುತ್ತಿದ್ದರು. ಭಾರತೀಯ ಸನ್ನೆ ಭಾಷೆಯ ಜಾಡೇ ಬೇರೆ. ಅದು ನಮ್ಮ ಕನ್ನಡಕ್ಕೆ ಹತ್ತಿರ. 'ನಿನ್ನ ಹೆಸರು ಏನು' ಅನ್ನುವಾಗ 'ಏನು' ಕೊನೆಗೇ ಬರುತ್ತದೆ. 'ನನಗೆ ಹಾಲು ಬೇಡ' ಅನ್ನುವಾಗ 'ಬೇಡ' ಕೊನೆಗೆ, ಜೊತೆಗೆ ತಲೆಯನ್ನು ಅಡ್ಡಡ್ಡ ಆಡಿಸಬೇಕು. 'ನಿನ್ನೆ ಸಂತೆಗೆ ಹೋಗಿದ್ದೆ' ಅನ್ನಲು 'ನಿನ್ನೆ'ಯನ್ನು ಮೊದಲು ಹೇಳಿದರೆ ಸಾಕು, 'ಹೋಗು' ಅನ್ನುವ ಸನ್ನೆ ಬದಲಾಗುವುದಿಲ್ಲ.

ಈಗ ಆ ಕೈ ಎತ್ತಿ. ಏನನ್ನೋ ಹಿಡಿದ ಹಾಗೆ ಬೆರಳು ಕೂಡಿಸಿ, ನಿಮ್ಮ ಎದೆಯಿಂದ ಮುಂದಕ್ಕೆ ಚಾಚಿ. ನಾನು ನಿನಗೆ ಕೊಡುತ್ತೇನೆ ಅಂತಾಯಿತು. ಅದೇ ಕೈಯನ್ನು ಮುಂದಿನಿಂದ ಎದೆಯ ಕಡೆ ತನ್ನಿ. ನೀನು ನನಗೆ ಕೊಡು. ನಮ್ಮ 'ಗೆ' ಇದೆಯಲ್ಲ, ಆ ಕೆಲಸವನ್ನು ಇಲ್ಲಿ ಕೈ ಸಾಗುವ ದಿಕ್ಕೇ ಮಾಡುತ್ತದೆ. ತರಗತಿಯಲ್ಲಿ ನಾನು ಇಬ್ಬರನ್ನು ಎದುರುಬದುರು ಕೂರಿಸಿ ಒಬ್ಬರ ಕೈಗೆ ಚೆಂಡು ಕೊಡುತ್ತೇನೆ. ಒಬ್ಬ ಹುಡುಗಿ ಚೆಂಡು ಬೇಕು ಅಂತ ಕೈಯನ್ನು ಎದುರಿಗಿದ್ದವನ ಕಡೆಗೇ ಚಾಚಿದಳು. ಅವನು ಏನೋ ಸಿಗುತ್ತದೆ ಅಂತ ಕಾಯುತ್ತಾ ಕೂತ. ಅವಳು ತನ್ನ ಕೈ ನೋಡಿಕೊಂಡಳು, ಮೆಲ್ಲಗೆ ತನ್ನ ಕಡೆ ತಿರುಗಿಸಿದಳು. ಚೆಂಡು ಬಂತು! ಆವತ್ತು ಅವಳಿಗೆ ಬೇರೆ ಪಾಠ ಬೇಕಾಗಲಿಲ್ಲ.

ಮುಖ ಇನ್ನೂ ಮುಖ್ಯ. 'ಊಟ ಆಯ್ತಾ' ಅನ್ನುವಾಗ ಕೊನೆಗೆ ನಾವು ಎಳೆಯುವ ಆ 'ಆ' ಸನ್ನೆ ಭಾಷೆಯಲ್ಲಿ ಹುಬ್ಬಿನಲ್ಲಿದೆ. ಹುಬ್ಬು ಏರಿಸದಿದ್ದರೆ ನೀವು ಪ್ರಶ್ನೆಯನ್ನೇ ಕೇಳಿಲ್ಲ. ಮನೆಗಳಲ್ಲಿ ಜಾಸ್ತಿ ತಪ್ಪುವುದು ಇಲ್ಲೇ, ಕೈ ಆಡುತ್ತಿರುತ್ತದೆ, ಕಣ್ಣು ಒಲೆಯ ಮೇಲಿರುತ್ತದೆ.

ಇವತ್ತು ರಾತ್ರಿ ಬಡಿಸುವಾಗ ಮಗುವಿನ ಎದುರು ಕೂತು, ಹುಬ್ಬು ಏರಿಸಿ, ಅನ್ನ ಸಾಕಾ ಅಂತ ಕೇಳಿ. ಕೇಳಿ, ಅದು ಉತ್ತರ ಕೊಡುವವರೆಗೆ ಕಾಯಿರಿ. ನಮಸ್ಕಾರ.