ಹಾಫ್ ಮೂನ್‌ಗೆ ಹೊರಟವಳು ಓಂ ಬೀಚ್‌ನಲ್ಲೇ ಕೂತೆ

ಬೆಳಿಗ್ಗೆ ಆರೂವರೆ. ಗೋಕರ್ಣದ ಕುಡ್ಲೆ ಬೀಚ್. ಕ್ಯಾಮೆರಾ ಸ್ವಲ್ಪ ಅಲುಗಾಡುತ್ತಿದೆ, ಬೇಜಾರು ಮಾಡ್ಕೋಬೇಡಿ, ಇನ್ನೂ ಚಾ ಕುಡಿದಿಲ್ಲ. ಇವತ್ತಿನ ಪ್ಲ್ಯಾನ್ ದೊಡ್ಡದು. ಇಲ್ಲಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್, ಆಮೇಲೆ ಪ್ಯಾರಡೈಸ್, ಎಲ್ಲಾ ನಡೆದೇ.

ಸೂರ್ಯೋದಯ ತೋರಿಸು ಅಂತ ಕೇಳಬೇಡಿ. ಇದು ಪಡುವಣ ಕಡಲು, ಸೂರ್ಯ ಹುಟ್ಟುವುದು ನಮ್ಮ ಬೆನ್ನ ಹಿಂದೆ, ಗುಡ್ಡದ ಆಚೆ. ಅದಕ್ಕೇ ಬಿಸಿಲು ಮೊದಲು ಬೀಳುವುದು ದೂರದ ನೀರಿನ ಮೇಲೆ, ಅಲ್ಲಿ ಹೋಗುತ್ತಿರುವ ದೋಣಿಯ ಮೇಲೆ. ನಾವು ನಿಂತಿರುವ ಮರಳು ಮಾತ್ರ ಇನ್ನೂ ನೆರಳಲ್ಲೇ, ತಣ್ಣಗೆ. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯೋದಕ್ಕೆ ಇದೇ ಸರಿಯಾದ ಹೊತ್ತು.

ಈಗ ಗುಡ್ಡ ಹತ್ತುತ್ತಿದ್ದೇನೆ. ಕಾಲ ಕೆಳಗೆ ತೂತು ತೂತಾದ ಕೆಂಪು ಕಲ್ಲು ಕಾಣ್ತಾ ಇದೆ ಅಲ್ವಾ? ಚಿರೆಕಲ್ಲು. ಅಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ, ಹಾಗಾಗಿ ಈ ಕಡೆ ಹಳೇ ಗೋಡೆಗಳೆಲ್ಲ ಜಾಸ್ತಿ ಇದರದ್ದೇ. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಗೋಕರ್ಣಕ್ಕೂ ಬಂದಿದ್ದ. ಅವನೂ ಇಲ್ಲೆಲ್ಲೋ ನನ್ನ ಹಾಗೆ ಎಡವಿರಬೇಕು.

ಓಂ ಬೀಚ್ ಬಂತು. ಪ್ಲ್ಯಾನ್ ಕೆಟ್ಟಿದ್ದು ಇಲ್ಲೇ.

ನೀರು ಇಳಿದಿತ್ತು. ಒದ್ದೆ ಮರಳಿನ ತುಂಬಾ ಯಾರೋ ನೆನೆಸಿದ ಸಬ್ಬಕ್ಕಿ ಚೆಲ್ಲಿದ ಹಾಗಿತ್ತು. ರಂಗೋಲಿ ಅನ್ನುತ್ತಾರೆ ಕೆಲವರು, ನನಗೆ ನೆನಪಾಗಿದ್ದು ಸಬ್ಬಕ್ಕಿಯೇ, ಹೊಟ್ಟೆ ಹಸಿದಿತ್ತಲ್ಲ. ಬಗ್ಗಿ ನೋಡಿದರೆ ಒಂದೊಂದು ಗುಂಪಿನ ನಡುವೆ ಒಂದು ಪುಟ್ಟ ಬಿಲ, ಪಕ್ಕದಲ್ಲಿ ಅವರೆಕಾಳಿನಷ್ಟು ಏಡಿ. ಹತ್ತಿರ ಹೋದರೆ ಮಾಯ. ಅಲ್ಲಾಡದೆ ಕೂತರೆ ಎರಡು ನಿಮಿಷಕ್ಕೆ ಮತ್ತೆ ಹೊರಗೆ. ಮರಳನ್ನು ಎತ್ತಿ ಬಾಯಿಗೆ ಹಾಕುತ್ತದೆ, ಅದರಲ್ಲಿ ಅಂಟಿಕೊಂಡಿರುವ ಪಾಚಿ ಗೀಚಿ ತಿನ್ನುತ್ತದೆ, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತದೆ. ಒಂದು ಹೆಜ್ಜೆ, ಒಂದು ಉಂಡೆ. ಬಿಲದಿಂದ ಸಾಲು ಹಿಡಿದು ಹೊರಗೆ ಹೋಗುತ್ತದೆ, ವಾಪಸ್ ಬಂದು ಇನ್ನೊಂದು ಸಾಲು ಶುರು ಮಾಡುತ್ತದೆ, ಅದೂ ನನ್ನ ಫೋನಿನ ಬ್ಯಾಟರಿ ಅರ್ಧ ಖಾಲಿಯಾಗುವವರೆಗೂ ಬಿಡುವಿಲ್ಲದೆ.

ಗಾಳ ಹಾಕಿ ಬಂಡೆ ಮೇಲೆ ಕೂತಿದ್ದ ಅಜ್ಜ ಒಬ್ಬರು ಕೂಗಿದರು, "ತಂಗಿ, ನೀರು ಏರ್ತಾ ಇದೆ, ಬ್ಯಾಗ್ ಎತ್ತು!" ನೋಡಿದರೆ ಬ್ಯಾಗ್ ಆಗಲೇ ಒದ್ದೆ. ಇನ್ನೊಂದು ಅಲೆ ಬಂತು, ಅರ್ಧ ಸಬ್ಬಕ್ಕಿ ಹೋಯ್ತು. ಮೂರನೇದಕ್ಕೆ ಮರಳು ಪೂರ್ತಿ ನುಣ್ಣಗೆ, ಏಡಿಗಳೆಲ್ಲ ಬಿಲದೊಳಗೆ.

ಹಾಫ್ ಮೂನ್ ನಾಳೆ ನೋಡೋಣ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅಂದರೆ ನಾಳೆ ಅಷ್ಟು ಹೊತ್ತು ಜಾಸ್ತಿ ಮಲಗಬಹುದು. ಈಗ ಚಾ, ಜೊತೆಗೆ ಬಿಸಿ ಬನ್ಸ್ ಸಿಕ್ಕರೆ ಎರಡು.