ಐದು ವ್ಯಾಟಿಗೆ ಎರಡು ಕಿವಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನಿವತ್ತು ಮಾತಾಡಬೇಕು ಅಂದುಕೊಂಡಿರುವುದು ಮುಖ್ಯವಾಗಿ ಒಂದು ಗುಂಪಿನ ಜೊತೆ. ಹೊಸದಾಗಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ತೆಗೆದುಕೊಂಡು, ಸಣ್ಣದೊಂದು ಸೆಟ್ ಜೋಡಿಸಿಕೊಂಡು, ಎಷ್ಟು ಕರೆದರೂ ಯಾರೂ ಓಗೊಡುವುದಿಲ್ಲ ಅಂತ ಮುಖ ಸಣ್ಣ ಮಾಡಿಕೊಂಡು ಕೂತಿದ್ದೀರಲ್ಲ, ನಿಮ್ಮ ಜೊತೆ. ಉಳಿದವರೂ ಕೇಳಿ, ನಷ್ಟವೇನಿಲ್ಲ.

ಕಡಿಮೆ ಪವರ್ ಅಂದರೆ ಎಷ್ಟು? ಮೋರ್ಸ್‌ನಲ್ಲಿ, ಅಂದರೆ ಚುಕ್ಕೆ ಗೆರೆಗಳ ಸಂಕೇತದಲ್ಲಿ, 5 ವ್ಯಾಟ್, ಮಾತಿನಲ್ಲಿ 10 ವ್ಯಾಟ್. ಇದಕ್ಕೇ ನಾವು ಕ್ಯೂಆರ್‌ಪಿ ಅನ್ನುತ್ತೇವೆ. ಇಷ್ಟರಲ್ಲಿ ಏನಾಗುತ್ತೆ ಅಂತ ಮೂಗು ಮುರಿಯುವವರಿಗೆ ಒಂದೇ ಲೆಕ್ಕ ಹೇಳುತ್ತೇನೆ. 100 ವ್ಯಾಟ್‌ನಿಂದ 5 ವ್ಯಾಟ್‌ಗೆ ಇಳಿದರೆ ಪವರ್ ಇಪ್ಪತ್ತರಲ್ಲಿ ಒಂದು ಪಾಲು. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಡೆಸಿಬಲ್‌ನಲ್ಲಿ ಅದು ಬರೀ 13. ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್ ಮೀಟರಿನ ಒಂದು ಅಂಕೆಗೆ 6 ಡೆಸಿಬಲ್ ಅಂತ ಹಿಡಿದರೆ, ಆ ಕಡೆಯವರ ಮುಳ್ಳು 9ರಿಂದ 7ರ ಹತ್ತಿರಕ್ಕೆ ಇಳಿಯುತ್ತದೆ, ಅಷ್ಟೇ. 7 ಅಂದರೆ ಆರಾಮಾಗಿ ಕೇಳುವ ಸಿಗ್ನಲ್ ಅಲ್ವಾ? ಹಾಗಾಗಿ ಪವರ್ ಸಾಲದು ಅನ್ನುವ ಗೋಳು ಬಿಡಿ. ಸಾಲದೇ ಇರುವುದು ಕಿವಿ. ಮೊದಲು ಕೇಳಿ. ನಾನಿವತ್ತು ಹೇಳುವುದು ಇದೊಂದೇ, ಬೇಕಾದರೆ ಈಗಲೇ ರೇಡಿಯೋ ಆರಿಸಿ ಹೋಗಿ ಸೆಟ್ ಮುಂದೆ ಕೂರಬಹುದು.

ನನ್ನದೇ ಕಥೆ ಹೇಳುತ್ತೇನೆ. ಶುರುವಿನ ದಿನಗಳು. ನಾನೇ ಬೆಸುಗೆ ಹಾಕಿದ 3 ವ್ಯಾಟ್ ಸೆಟ್, 40 ಮೀಟರ್ ಬ್ಯಾಂಡ್, ಅಂದರೆ 7 ಮೆಗಾಹರ್ಟ್ಸ್ ಸುತ್ತಮುತ್ತ, ಸಂಜೆ ಹೊತ್ತು. ಒಂದು ಗಂಟೆಯಿಂದ ಸಿಕ್ಯೂ, ಅಂದರೆ ಯಾರು ಬೇಕಾದರೂ ಉತ್ತರ ಕೊಡಿ ಅನ್ನುವ ಕರೆ, ಕಳಿಸುತ್ತಿದ್ದೇನೆ. ಹೇಗೆ ಗೊತ್ತಾ? ಹತ್ತು ಸಲ ಸಿಕ್ಯೂ, ನಾಲ್ಕು ಸಲ ನನ್ನ ಕಾಲ್‌ಸೈನ್, ಅಂದರೆ ಲೈಸೆನ್ಸಿನಲ್ಲಿ ಕೊಟ್ಟ ನನ್ನ ಗುರುತು, ಆಮೇಲೆ ಒಂದು ಎರಡು ಎಣಿಸುವಷ್ಟು ಬಿಡುವು, ಮತ್ತೆ ಹತ್ತು ಸಲ ಸಿಕ್ಯೂ. ಉತ್ತರವಿಲ್ಲ. ಬೆಸುಗೆ ಬಿಟ್ಟಿರಬೇಕು ಅಂತ ಡಬ್ಬಿ ಬಿಚ್ಚಿ ನೋಡಿದೆ, ಸರಿಯಿತ್ತು. ಆಂಟೆನಾ ಅಂತ ಟಾರ್ಚ್ ಹಿಡಿದು ಮೇಲೆ ಹತ್ತಿ ತಂತಿ ಎಳೆದಾಡಿ ಬಂದೆ, ಅದೂ ಸರಿಯಿತ್ತು. ಮತ್ತೆ ಕೂತು ಕರೆದೆ. ಆ ಸಲ ಕತ್ತಿಗೆ ಸೊಳ್ಳೆ ಕಚ್ಚಿತು, ಮೋರ್ಸ್ ಒತ್ತುವ ಕೀ ಬಿಟ್ಟು ಅದನ್ನು ಹೊಡೆಯೋಕೆ ಹೋದೆ. ಹಾಗಾಗಿ ಬಿಡುವು ಸ್ವಲ್ಪ ಉದ್ದವಾಯಿತು. ಆಗ ಹೆಡ್‌ಫೋನಿನಲ್ಲಿ ನನ್ನ ಕಾಲ್‌ಸೈನ್! ಮೊದಲು ನಂಬಲಿಲ್ಲ. ಹಿಂದೆಯೇ 'ಎಎಸ್, ಎಎಸ್' ಅಂತ ಬಂತು. ತಾಳು, ತಾಳು ಅಂತ. ಆಮೇಲೆ ಆ ಪುಣ್ಯಾತ್ಮ, ಹೊಸಬ ಅಂತ ಗೊತ್ತಾಗಿ, ತುಂಬ ನಿಧಾನವಾಗಿ ಕಳಿಸಿದ: ನಿನ್ನ ಸಿಗ್ನಲ್ 559 (ಅಂದರೆ ಸ್ಪಷ್ಟವಾಗಿ ಕೇಳುತ್ತಿದೆ), ಆರು ಸಲ ಉತ್ತರ ಕೊಟ್ಟೆ, ಪ್ರತಿ ಸಲವೂ ನಾನು ಮುಗಿಸುವ ಮೊದಲೇ ನೀನು ಶುರು ಮಾಡುತ್ತೀಯ.

ನಾಚಿಕೆಯಾಯಿತು ನೋಡಿ. ಅವನ ಕಾಲ್‌ಸೈನ್ ಬರೋಕೇ ಐದಾರು ಸೆಕೆಂಡ್ ಬೇಕು, ನಾನು ಕೊಟ್ಟಿದ್ದು ಎರಡು. ನಾನು ಕೀ ಒತ್ತಿರುವಾಗ ನನ್ನ ರಿಸೀವರ್ ಕಿವುಡು. ಆ ಎರಡು ಸೆಕೆಂಡಿನಲ್ಲಿ ಒಂದೆರಡು ಚುಕ್ಕೆ ಗೆರೆ ಕೇಳಿಸಿದ್ದೂ ನಿಜ, ಪಕ್ಕದ ಫ್ರೀಕ್ವೆನ್ಸಿಯ ಗಲಾಟೆ ಅಂದುಕೊಂಡಿದ್ದೆ! ಒಂದು ಗಂಟೆ ನನ್ನ ಸಿಗ್ನಲ್ ಚೆನ್ನಾಗಿ ಹೋಗುತ್ತಲೇ ಇತ್ತು. ಸುಮ್ನೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅಯ್ಯೋ, ಗಾಜಿನ ಆ ಕಡೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕಥೆ ಉದ್ದವಾಯಿತು. ಉಳಿದದ್ದು ಬೇಗ ಬೇಗ.

ಸಿಕ್ಯೂ ಮೂರು ಸಲ, ಕಾಲ್‌ಸೈನ್ ಎರಡು ಸಲ, ಆಮೇಲೆ ಹತ್ತು ಸೆಕೆಂಡಾದರೂ ಕೇಳಿ. ಅದಕ್ಕೂ ಮೊದಲು, ಫ್ರೀಕ್ವೆನ್ಸಿ ಖಾಲಿ ಇದೆಯಾ ಅಂತ ಕೇಳಿಸಿಕೊಂಡು, ಕ್ಯೂಆರ್‌ಎಲ್, ಅಂದರೆ ಈ ಜಾಗ ಬಳಕೆಯಲ್ಲಿದೆಯಾ, ಅಂತ ಎರಡು ಸಲ ವಿಚಾರಿಸಿ. ಯಾರೂ ಕೇಳಿಸಲಿಲ್ಲ ಅಂದರೆ ಯಾರೂ ಇಲ್ಲ ಅಂತಲ್ಲ, ಮಾತಾಡುವ ಇಬ್ಬರಲ್ಲಿ ಒಬ್ಬರು ನಿಮಗೆ ಕೇಳಿಸದೇ ಇರಬಹುದು. ಇನ್ನೂ ಸುಲಭದ ದಾರಿ ಅಂದರೆ ನೀವು ಕರೆಯುವುದು ಬಿಟ್ಟು, ಜೋರಾಗಿ ಕೇಳಿಸುವವರ ಸಿಕ್ಯೂಗೆ ಉತ್ತರ ಕೊಡಿ. ಅವರು ಜೋರಾಗಿ ಬರುತ್ತಿದ್ದಾರೆ ಅಂದರೆ ಆ ದಾರಿ ತೆರೆದಿದೆ. ಅವರ ಸ್ವರಕ್ಕೆ ನಿಮ್ಮ ಸ್ವರದ ಶ್ರುತಿ ಸೇರಿಸಿ, ಅವರ ವೇಗದಲ್ಲೇ ಕಳಿಸಿ.

ಅಪರೂಪದ ಸ್ಟೇಷನ್ನಿಗೆ ನೂರು ಜನ ಮುಗಿಬಿದ್ದಿದ್ದಾರಾ? ನೂರಾ ಒಂದನೆಯವರಾಗಿ ಕೂಗಬೇಡಿ. ಅವರು ಯಾವ ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಮೊದಲು ಪತ್ತೆ ಮಾಡಿ. ಗದ್ದಲ ಒಂದು ಗಳಿಗೆ ತಗ್ಗುತ್ತದಲ್ಲ, ಆಗ ಒಂದೇ ಸಲ ಕಾಲ್‌ಸೈನ್ ಹಾಕಿ. ಅದಕ್ಕೂ ಕೇಳಲೇಬೇಕು, ಬೇರೆ ದಾರಿಯಿಲ್ಲ.

ಕಾಲ್‌ಸೈನ್ ಜೊತೆಗೆ ಪ್ರತಿ ಸಲ ಕ್ಯೂಆರ್‌ಪಿ ಅಂತ ಬಾಲ ಅಂಟಿಸಿ ಕರುಣೆ ಬೇಡಬೇಡಿ, ಮೊದಲೇ ಸಣ್ಣ ಸಿಗ್ನಲ್, ಅದರಲ್ಲಿ ಅಕ್ಷರ ಜಾಸ್ತಿಯಾದರೆ ತಪ್ಪೂ ಜಾಸ್ತಿ. ಇನ್ನು 599, ಅಂದರೆ ಸಿಗ್ನಲ್ ಅತ್ಯುತ್ತಮ, ಅಂತ ರಿಪೋರ್ಟ್ ಕೊಟ್ಟು ಹಿಂದೆಯೇ ನಿಮ್ಮ ಹೆಸರು ಇನ್ನೊಮ್ಮೆ ಹೇಳಿ ಅನ್ನುವವರಿದ್ದಾರಲ್ಲ, ಅವರಿಗೆ ಏನು ಹೇಳಲಿ!

ಇವತ್ತು ಸಂಜೆ ಡಯಲನ್ನು 7.030 ಮೆಗಾಹರ್ಟ್ಸ್‌ಗೆ ತಿರುಗಿಸಿ, ನಾಳೆ ಹಗಲು 14.060ಕ್ಕೆ. ಕಡಿಮೆ ಪವರಿನವರು ಸೇರುವ ಜಾಗ ಅವು. ಅರ್ಧ ಗಂಟೆ ಕೀ ಮುಟ್ಟಬೇಡಿ. ಆಂಟೆನಾ ಬಗ್ಗೆ ತುಂಬ ಹೇಳಬೇಕಿತ್ತು, ಆಗಲಿಲ್ಲ. 40 ಮೀಟರ್ ಬ್ಯಾಂಡಿಗೆ 20 ಮೀಟರ್ ತಂತಿ, ನಡುವೆ ಕತ್ತರಿಸಿ ಡೈಪೋಲ್, ಅಂದರೆ ಎರಡು ತೋಳಿನ ಆಂಟೆನಾ, ಮಾಡಿ, ಆದಷ್ಟು ಎತ್ತರಕ್ಕೆ ಕಟ್ಟಿ. ನಮಸ್ಕಾರ.